ಅಪ್‌ಡೇಟ್: ಅಸೆಂಬ್ಲಿಯಿಂದ ಪ್ರಿಂಟ್‌ಎಫ್ ಕರೆದಾಗಿನ ಸೆಗ್‌ಫಾಲ್ಟ್ ಬಗೆಹರಿಯಿತು

ಪ್ರಶ್ನೆ ಇದಾಗಿತ್ತು: 64-ಬಿಟ್ ಲಿನಕ್ಸ್‌ನಲ್ಲಿ ನ್ಯಾಸ್ಮ್ (ಅಸೆಂಬ್ಲರ್) ಕೋಡಿನಿಂದ ಪ್ರಿಂಟ್‌ಎಫ್ (ಸಿ ಭಾಷೆಯ ಮುದ್ರಣ ಫಂಕ್ಷನ್) ಕರೆದರೆ ಪೂರ್ಣಾಂಕ ಸರಿಯಾಗಿ ಬರುತ್ತದೆ, ದಶಮಾಂಶ ಸಂಖ್ಯೆ ಕೊಟ್ಟರೆ ಸೆಗ್‌ಫಾಲ್ಟ್ (ಮೆಮೊರಿ ದೋಷದಿಂದ ಪ್ರೋಗ್ರಾಮ್ ಸಾಯುವುದು).

ಇಲ್ಲಿ ಕೆಲವರು ಹೇಳಿದಂತೆ ಸ್ಟ್ಯಾಕ್ ಅಲೈನ್‌ಮೆಂಟೇ ಕಾರಣ, ಅಂದರೆ ಸ್ಟ್ಯಾಕ್‌ನ (ಫಂಕ್ಷನ್‌ಗಳು ಬಳಸುವ ತಾತ್ಕಾಲಿಕ ಮೆಮೊರಿ) ವಿಳಾಸ 16ರ ಗುಣಕವಾಗಿರಲಿಲ್ಲ. ಜಿಡಿಬಿಯಲ್ಲಿ (ಡೀಬಗರ್) ನೋಡಿದರೆ ಪ್ರೋಗ್ರಾಮ್ ಸತ್ತದ್ದು ಮೂವ್‌ಎಪಿಎಸ್ ಸೂಚನೆಯ ಮೇಲೆ; ಅದು 16 ಬೈಟ್‌ಗಳನ್ನು ಒಟ್ಟಿಗೆ ಸಾಗಿಸುತ್ತದೆ. ಅದಕ್ಕೆ ಮೆಮೊರಿ ವಿಳಾಸ 16ರಿಂದ ಭಾಗವಾಗಲೇಬೇಕು. ಕಾಲ್ ಸೂಚನೆ 8 ಬೈಟ್‌ಗಳ ರಿಟರ್ನ್ ವಿಳಾಸವನ್ನು ಸ್ಟ್ಯಾಕಿಗೆ ಹಾಕುವುದರಿಂದ, ಮೇನ್ ಫಂಕ್ಷನ್ ಶುರುವಾಗುವಾಗಲೇ ಆರ್‌ಎಸ್‌ಪಿ (ಸ್ಟ್ಯಾಕ್‌ನ ತುದಿಯ ವಿಳಾಸ ಇಟ್ಟುಕೊಳ್ಳುವ ರಿಜಿಸ್ಟರ್) 16ರ ಗುಣಕದಿಂದ 8ರಷ್ಟು ತಪ್ಪಿರುತ್ತದೆ. ಮೊದಲ ಸಾಲಲ್ಲೇ ಆರ್‌ಎಸ್‌ಪಿಯಿಂದ 8 ಕಳೆದು, ರೆಟ್‌ಗೆ (ಫಂಕ್ಷನ್‌ನಿಂದ ಮರಳುವ ಸೂಚನೆ) ಮುಂಚೆ ವಾಪಸ್ ಕೂಡಿಸಿದರೆ ಸಾಕು. ಅದರ ಬದಲು 8 ಬೈಟ್‌ಗಳ ಆರ್‌ಬಿಪಿ ರಿಜಿಸ್ಟರನ್ನು ಪುಶ್ ಮಾಡಿದರೂ (ಸ್ಟ್ಯಾಕಿಗೆ ಹಾಕಿದರೂ) ಅದೇ ಫಲ. ಎರಡನ್ನೂ ಮಾಡಿದರೆ ಮತ್ತೆ ಕೆಡುತ್ತದೆ!

ಪೂರ್ಣಾಂಕ ಬಚಾವಾದದ್ದೇಕೆ? ಎಎಲ್ ರಿಜಿಸ್ಟರ್‌ನಲ್ಲಿ 0 ಇದ್ದರೆ ಪ್ರಿಂಟ್‌ಎಫ್ ದಶಮಾಂಶ ಸಂಖ್ಯೆಗಳನ್ನು ತರುವ ಎಕ್ಸ್‌ಎಂಎಂ ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ನಲ್ಲಿ ಉಳಿಸುವ ಭಾಗವನ್ನೇ ಹಾರಿಸುತ್ತದೆ. ಒಂದು ದಶಮಾಂಶ ಸಂಖ್ಯೆಗೆ ಎಎಲ್ 1 ಇರಬೇಕು, ಆಗ ಮೂವ್‌ಎಪಿಎಸ್ ಓಡುತ್ತದೆ. ಹಾಗಾಗಿ ಪೂರ್ಣಾಂಕದ ಕೋಡ್ ಕೂಡ ಸರಿಯಿರಲಿಲ್ಲ, ಸಿಕ್ಕಿಬಿದ್ದಿರಲಿಲ್ಲ ಅಷ್ಟೆ.