ಅಪ್‌ಡೇಟ್: ಮರಳಿನ ಟ್ರೇ ಬಿಟ್ಟು ಹಾಸಿಗೆ ಮೇಲೆ ಉಚ್ಚೆ ಹೊಯ್ಯುತ್ತಿದ್ದ ನಮ್ಮ ಬೆಕ್ಕು ಈಗ ಸರಿಹೋಗಿದೆ

ನಮ್ಮ ನಾಲ್ಕು ವರ್ಷದ ಗಂಡು ಬೆಕ್ಕು 'ಕರಿಯ', ಹಾಸಿಗೆ, ಕಾಲೊರೆಸುವ ಬಟ್ಟೆ ಎಲ್ಲದರ ಮೇಲೂ ಉಚ್ಚೆ ಹೊಯ್ಯುತ್ತಾನೆ, ಏನು ಮಾಡಲಿ ಅಂತ ಕೇಳಿದ್ದೆ ಅಲ್ವಾ? ಒಂಬತ್ತು ದಿನದಿಂದ ಒಂದು ಹನಿಯೂ ಹೊರಗೆ ಬಿದ್ದಿಲ್ಲ.

ಮೊದಲು ಡಾಕ್ಟರಿಗೆ ತೋರಿಸಿ ಅಂದವರಿಗೆ ಕೈ ಮುಗಿಯುತ್ತೇನೆ. ಹಟ ಮಾಡುತ್ತಿದ್ದಾನೆ ಅಂದುಕೊಂಡು ಸುಮ್ನೆ ಗದರಿಸಿದ್ದೆ, ಪಾಪ. ತರಕಾರಿ ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲ್ ಕಟ್ಟಿ ಇಲ್ಲೇ ದಾವಣಗೆರೆಯಲ್ಲಿ ತೋರಿಸಿದೆವು. ಮೂತ್ರ ಪರೀಕ್ಷೆಯಲ್ಲಿ ಹರಳು ಸಿಕ್ಕವು. ಉರಿಯುವಾಗ ಬೆಕ್ಕಿಗೆ ಟ್ರೇ ಅಂದರೇ ನೋವು ಅನ್ನಿಸಿಬಿಡುತ್ತದಂತೆ, ಅದಕ್ಕೇ ಮೆತ್ತನೆ ಜಾಗ ಹುಡುಕುತ್ತದೆ. ಗಂಡು ಬೆಕ್ಕು ತಿಣುಕಿದರೂ ಉಚ್ಚೆ ಬರದಿದ್ದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಕರೆದುಕೊಂಡು ಹೋಗಿ. ಮೂತ್ರದ ದಾರಿ ಕಟ್ಟಿಕೊಂಡರೆ ಒಂದೆರಡು ದಿನದಲ್ಲೇ ಜೀವಕ್ಕೆ ಅಪಾಯ.

ಔಷಧಿ ಜೊತೆಗೆ ಒಣ ಆಹಾರ ಕಡಿಮೆ ಮಾಡಿ ಹಸಿ ಆಹಾರ ಶುರು ಮಾಡಿದೆವು. ಈ ಬಿಸಿಲಿಗೆ ಮೂರು ಕಡೆ ನೀರು ಇಟ್ಟಿದ್ದೇನೆ. ಮಣ್ಣಿನ ಬಟ್ಟಲಿನ ನೀರನ್ನೇ ಜಾಸ್ತಿ ಕುಡಿಯುತ್ತಾನೆ.

ಹತ್ತಿರ ಬರದಿರಲಿ ಅಂತ ಇಟ್ಟ ನಿಂಬೆ ಸಿಪ್ಪೆ ಕೆಲಸ ಮಾಡಲಿಲ್ಲ, ಪಕ್ಕಕ್ಕೆ ಸರಿದು ಹೊಯ್ದ. ಒರೆಸಲು ಫಿನಾಯಿಲ್ ಹಾಕಲೇಬೇಡಿ, ಬೆಕ್ಕಿಗೆ ಅದು ವಿಷ. ವಾಸನೆ ಹೋಗಿದ್ದು ಎಂಜೈಮ್ (ಉಚ್ಚೆಯ ಕಲೆ, ವಾಸನೆಯನ್ನು ಒಡೆಯುವ ವಸ್ತು) ಇರುವ ಕ್ಲೀನರ್‌ನಿಂದ. ಹತ್ತು ನಿಮಿಷ ನೆನೆಯಲು ಬಿಟ್ಟು ಒರೆಸಿದೆ.

ವಾಷಿಂಗ್ ಮೆಷಿನ್ ಪಕ್ಕದಲ್ಲಿದ್ದ ಟ್ರೇಯನ್ನು ಸದ್ದಿಲ್ಲದ ಮೂಲೆಗೆ ಇಟ್ಟು, ಪರಿಮಳವಿಲ್ಲದ ಮರಳು ಹಾಕಿದೆ. ಇವತ್ತು ಬೆಳಿಗ್ಗೆ ತಾನೇ ಹೋಗಿ, ಕೆರೆದು, ನೀಟಾಗಿ ಮುಚ್ಚಿ ಬಂದ.