ಅಡಿಕೆ ಸುಲಿಯುವಾಗ ಕೇಳಿದ ಕತೆ ಬರೆಯುವಾಗ ಯಾಕೆ ಸಪ್ಪೆಯಾಗುತ್ತೆ?

ತೋಟದಮನೆ, ಹೊಸನಗರ:
ಎಲ್ಲರಿಗೂ ನಮಸ್ಕಾರ. ತೋಟ, ಅಡುಗೆ ಎಲ್ಲ ಮುಗಿದ ಮೇಲೆ ರಾತ್ರಿ ಕೂತು ಕತೆ ಬರೆಯುವವಳು ನಾನು. ಒಂದು ಕತೆ ಕೈಗೆ ಸಿಗದೆ ಸತಾಯಿಸುತ್ತಿದೆ. ಬರೆಯುವವರು ಯಾರಾದರೂ ದಾರಿ ಹೇಳಿ.

ಅಡಿಕೆ ಗೊನೆ ಕೊಯ್ಲು ಶುರುವಾದರೆ ನಮ್ಮ ಅಂಗಳದಲ್ಲಿ ರಾತ್ರಿಯೂ ಸುಲಿಯುವ ಕೆಲಸ. ಬಹಳ ಕಡೆ ಮೆಷಿನ್ ಬಂದಿದೆ, ನಮ್ಮಲ್ಲಿ ಇನ್ನೂ ಮೆಟ್ಟುಗತ್ತಿಯೇ. ಸುಲಿಯೋಕೆ ಬರುವ ಅಜ್ಜ ಒಬ್ಬರಿದ್ದಾರೆ. ಶರಾವತಿಗೆ ಆಣೆಕಟ್ಟು ಕಟ್ಟಿದಾಗ ಮುಳುಗಿದ ಊರಿನವರು. ಊರು ಬಿಡುವಾಗ ಅವರಿನ್ನೂ ಸಣ್ಣ ಹುಡುಗ. ಲಾರಿಗೆ ಸಾಮಾನು ಹೇರುವಾಗ ಅವರ ಅವ್ವ ಅಪ್ಪೆಮಿಡಿ ಭರಣಿಯನ್ನು ಯಾರ ಕೈಗೂ ಕೊಡಲಿಲ್ಲವಂತೆ. ಹೊಳೆದಂಡೆಯ ಅಪ್ಪೆಮಾವಿನ ಮರದ ಎಳೆ ಮಿಡಿ, ಉಪ್ಪಿನಕಾಯಿಗೆ ಹಾಕಿದ್ದು. ಮುಂದಿನ ವರ್ಷ ಆ ಮರ ನೀರೊಳಗೆ.

ಅಜ್ಜ ಇದನ್ನೇ ಅರ್ಧ ಗಂಟೆ ಹೇಳುತ್ತಾರೆ. ಭರಣಿ ಬಾಯಿಗೆ ಕಟ್ಟಿದ ಬಟ್ಟೆ ಯಾವುದು, ತಿರುವಿನಲ್ಲಿ ಉಪ್ಪುನೀರು ತುಳುಕಿ ಅವ್ವನ ಸೀರೆ ಹೇಗೆ ನೆನೆಯಿತು, ಲಾರಿ ತುಂಬ ಸೊನೆ ವಾಸನೆ ಹೇಗೆ ಹಿಡಿಯಿತು, ಎಲ್ಲ. ಆಣೆಕಟ್ಟಿನ ವಿಷಯ ಮಾತ್ರ ಅರ್ಧ ಮಾತು: "ನೀರು ಬಂತಲ್ಲ, ಆಗ." ಮಧ್ಯೆ ಯಾರೋ "ಭರಣಿ ಎಷ್ಟು ದೊಡ್ಡದಿತ್ತು ಅಜ್ಜಾ?" ಅಂತಾರೆ. ಅವರು ಅಡಿಕೆ ಕೆಳಗಿಟ್ಟು ಎರಡೂ ಕೈ ಅಗಲಿಸಿ ತೋರಿಸುತ್ತಾರೆ. ಅಷ್ಟೂ ಜನರ ಕೈ ನಿಲ್ಲುತ್ತೆ.

ನಾನು ಬರೆಯಲು ಕೂತರೆ 1964, ಲಿಂಗನಮಕ್ಕಿ ಆಣೆಕಟ್ಟು, ಕರೆಂಟು ಯಾರಿಗೆ ಹೋಯ್ತು, ಪರಿಹಾರ ಏನಾಯ್ತು ಅಂತ ಮೊದಲ ಪುಟವೇ ತುಂಬುತ್ತೆ. ಅದನ್ನು ಹೇಳದಿದ್ದರೆ ಹೊರಗಿನವರಿಗೆ ತಿಳಿಯಲ್ಲ. ಹೇಳಿದರೆ ಭರಣಿ ಮೂಲೆ ಸೇರುತ್ತೆ. ಏನು ಮಾಡಲಿ?

ಸಾಗರದ ಮೇಷ್ಟ್ರು:
ಅಜ್ಜ ನಿಮಗೆ ಅರ್ಧ ಕೆಲಸ ಮಾಡಿಕೊಟ್ಟಿದ್ದಾರೆ. ಭರಣಿಯಿಂದಲೇ ಶುರು ಮಾಡಿ.

ತಾಳಮದ್ದಳೆ ಕೇಳಿರ್ತೀರಲ್ಲ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ, ಕೂತು ಹಾಡು, ಮಾತು ಅಷ್ಟೇ. ಪ್ರಸಂಗ ಮೊದಲೇ ಎಲ್ಲರಿಗೂ ಗೊತ್ತು. ಆದರೂ ರಾತ್ರಿಯೆಲ್ಲ ಕೂರ್ತೀವಿ. ಮುಂದೇನಾಯ್ತು ಅಂತ ತಿಳಿಯೋಕಲ್ಲ. ಕರ್ಣ ಈ ಸಲ ಯಾವ ಮಾತು ಆಡ್ತಾನೆ ಅಂತ ಕೇಳೋಕೆ. ಊರು ಮುಳುಗಿತು ಅನ್ನೋದು ನಿಮ್ಮ ಓದುಗರಿಗೂ ಮೊದಲ ಸಾಲಲ್ಲೇ ಗೊತ್ತಾಗಲಿ ಬಿಡಿ. ಅದನ್ನು ಬಚ್ಚಿಟ್ಟು ಕೊನೆಗೆ ಬಿಚ್ಚೋದು ಬೇಡ.

ಇನ್ನೊಂದು. ಆ "ಎಷ್ಟು ದೊಡ್ಡದಿತ್ತು" ಅಂದವರನ್ನು ಕತೆಯೊಳಗೆ ಕೂರಿಸಿ. ಅಂಗಳದಲ್ಲಿ ಅಜ್ಜನನ್ನು ಮಾತಾಡಿಸಿದ್ದೇ ಆ ಜನ. ನೀವು ಬರೆಯುವಾಗ ಅವರನ್ನೆಲ್ಲ ಮನೆಗೆ ಕಳಿಸಿ ಅಜ್ಜನನ್ನು ಒಂಟಿಯಾಗಿ ಕೂರಿಸಿದಂತಿದೆ. ಏನೂ ತಿಳಿಯದ ಒಬ್ಬ ಹುಡುಗನೂ ಇರಲಿ. ಆದರೆ ಓದುಗರಿಗೆ ಬೇಕಾದ ಪ್ರಶ್ನೆಯನ್ನೇ ಅವನ ಬಾಯಿಗೆ ತುರುಕಬೇಡಿ. ಮಕ್ಕಳು ಆಣೆಕಟ್ಟಿನ ಎತ್ತರ ಕೇಳಲ್ಲ. ಉಪ್ಪಿನಕಾಯಿ ಚೆಲ್ತಾ ಅಂತ ಕೇಳ್ತಾವೆ.

ತುಂಗೆ ದಡದವಳು:
ನಾನು ತೀರ್ಥಹಳ್ಳಿಯವಳು, ಈಗ ಬೆಂಗಳೂರಲ್ಲಿದ್ದೀನಿ. ಮೇಷ್ಟ್ರ ಮಾತು ಅರ್ಧ ಒಪ್ತೀನಿ. ನೀರು ಬಂತು ಅಂದರೆ ಸಾಗರದಲ್ಲಿ ಸಾಕು. ನನ್ನ ಆಫೀಸಲ್ಲಿ ಸಾಕಾಗಲ್ಲ. ಇಲ್ಲಿಯವರು ಜೋಗಕ್ಕೆ ಹೋಗ್ತಾರೆ, ಸಿಗಂದೂರಿಗೆ ಹೋಗ್ತಾರೆ. ಮೊದಲು ಲಿಂಗನಮಕ್ಕಿ ಹಿನ್ನೀರನ್ನು ಲಾಂಚಲ್ಲಿ ದಾಟಿ ಹೋಗ್ತಿದ್ದರು, 2025ರಲ್ಲಿ ಸೇತುವೆಯೂ ಆಯ್ತು. ಎಷ್ಟು ಚೆಂದ ನೀರು ಅಂತ ಫೋಟೊ ತೆಗೀತಾರೆ. ಕೆಳಗೆ ಊರುಗಳಿದ್ದವು ಅಂತ ಯಾರೂ ಅವರಿಗೆ ಹೇಳಿಲ್ಲ. ಹಳೇ ಮಡೆನೂರು ಡ್ಯಾಮ್ ಕೂಡ ಅದೇ ನೀರಲ್ಲಿ ಮುಳುಗಿದೆ, ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ಕಾಣುತ್ತೆ ಅಂದರೆ ಬೆರಗಾಗ್ತಾರೆ.

ಹಾಗಾಗಿ ವಿಷಯ ಬಿಡಬೇಡಿ ಅಕ್ಕ. ಜಾಗ ಮಾತ್ರ ಬದಲಿಸಿ. ಮಳೆಗಾಲದಲ್ಲಿ ಲಿಂಗನಮಕ್ಕಿ ಮಟ್ಟ ಪೇಪರಲ್ಲಿ ದಿನಾ ಬರುತ್ತಲ್ವಾ? ಅಜ್ಜ ಅದನ್ನು ನೋಡ್ತಾರಾ? ನೋಡ್ತಾರೆ ಅಂದರೆ ನಿಮಗೆ ಅಂಕಿಯೂ ಸಿಕ್ಕಿತು, ಮನುಷ್ಯನೂ ಸಿಕ್ಕಿದ.

ತೋಟದಮನೆ, ಹೊಸನಗರ:
ತಂಗಿ, ನಿನ್ನ ಪ್ರಶ್ನೆ ಓದಿ ಮೈ ಜುಮ್ಮೆಂದಿತು. ನೋಡ್ತಾರೆ! ಪೇಪರ್ ಬಂದ ಕೂಡಲೇ ಮೊದಲು ಅದನ್ನೇ ಹುಡುಕೋದು. ನಾನು ಅದನ್ನು ಕತೆಗೆ ತರುವ ವಿಷಯ ಅಂತ ಯೋಚಿಸಿಯೇ ಇರಲಿಲ್ಲ. ನಿನ್ನೆ ರಾತ್ರಿ ಹೀಗೆ ಬರೆದೆ:

"ಜುಲೈ ಬಂತೆಂದರೆ ಅಜ್ಜನಿಗೆ 1819 ಅಡಿಯದೇ ಲೆಕ್ಕ. ಅಷ್ಟಕ್ಕೆ ಬಂದರೆ ಡ್ಯಾಮ್ ಭರ್ತಿ. 'ಇವತ್ತು ಅಪ್ಪೆಮರದ ಬುಡಕ್ಕೆ ಬಂತು' ಅನ್ನುತ್ತಾರೆ. ಮರ ಹೋಗಿ ಅರವತ್ತು ವರ್ಷ ಆಯಿತು. ಪಾಪ, ಅವರಿಗೆ ಈಗಲೂ ಅದರ ಬುಡ ಎಲ್ಲಿದೆ ಅಂತ ಗೊತ್ತು. ಕೊನೆಯ ಸಲ ಆ ಮರದ ಮಿಡಿಯನ್ನು ತೊಟ್ಟು ಮುರಿಯದ ಹಾಗೆ ಕೊಯ್ದವರು ಅವರ ಅಪ್ಪ, ಭರಣಿಗೆ ಹಾಕಿದವರು ಅವ್ವ."

ಇದು ಸರಿ ದಾರಿಯಾ? ಇನ್ನೊಂದು ಸಂಕಟ ಇದೆ. ಅಜ್ಜನಿಗೆ ನಾನು ಬರೆಯೋದು ಗೊತ್ತಿಲ್ಲ. ಕೇಳದೆ ಪತ್ರಿಕೆಗೆ ಕಳಿಸೋಕೆ ಮನಸ್ಸು ಒಪ್ಪುತ್ತಿಲ್ಲ.

ಸಾಗರದ ಮೇಷ್ಟ್ರು:
ಇದೇ ದಾರಿ, ತಾಯಿ. "ಪಾಪ" ಒಂದು ತೆಗೆದುಬಿಡಿ. ಮರದ ಬುಡ ಗೊತ್ತು ಅಂದ ಮೇಲೆ ಅದು ಬೇಕಿಲ್ಲ.

ಕಳಿಸುವ ಮುಂಚೆ ಅಜ್ಜನಿಗೆ ಪೂರ್ತಿ ಓದಿ ಹೇಳಿ. ಹೆಸರು ಬೇಡ ಅಂದರೆ ಬದಲಾಯಿಸಿ. ಕತೆಯೇ ಬೇಡ ಅಂದರೆ ಕಳಿಸಬೇಡಿ. ಅವ್ವ ಅವರದ್ದು, ಭರಣಿಯೂ ಅವರದ್ದು.

ಓದಿ ಹೇಳುವಾಗ ಒಂದು ವಿಷಯ ಕೇಳಿಕೊಳ್ಳಿ. ಆ ಲಾರಿ ಅವರನ್ನು ಎಲ್ಲಿ ಇಳಿಸಿತು? ಅಲ್ಲಿ ಮನೆ ಇತ್ತಾ, ಬರೀ ಕಾಡಿತ್ತಾ? ಆ ರಾತ್ರಿ ಭರಣಿ ಎಲ್ಲಿಟ್ಟರು? ನಿಮ್ಮ ಕತೆಯಲ್ಲಿ ಲಾರಿ ಇನ್ನೂ ದಾರಿಯಲ್ಲೇ ಇದೆ.