ಪಾಯಿಂಟ್ ಆಸೆಗೆ ಕಾರ್ಡ್ ಉಜ್ಜಿದರೆ ಬ್ಯಾಂಕ್ ಯಾಕೆ ಪ್ರಶ್ನೆ ಕೇಳುತ್ತದೆ?

ಮುಂಬಯಿ ಕನ್ನಡಿಗರ ನಮ್ಮ ಹಣಕಾಸು ಗುಂಪಿಗೆ ಈ ವಾರ ಬಂದ ಪ್ರಶ್ನೆಗಳೆಲ್ಲ ಕ್ರೆಡಿಟ್ ಕಾರ್ಡ್ ಬಗ್ಗೆಯೇ. ಉತ್ತರ ಕೊಟ್ಟವರು ಬ್ಯಾಂಕೊಂದರ ಕಾರ್ಡ್ ವಿಭಾಗದಲ್ಲಿ ಅನುಮಾನದ ವ್ಯವಹಾರಗಳನ್ನು ನೋಡುವ ಕೆಲಸ ಮಾಡಿ ನಿವೃತ್ತರಾದವರು.

ಪ್ರಶ್ನೆ (ಮುಲುಂಡ್): ಸರ್, ನಾನು ಪ್ರತಿ ತಿಂಗಳು ಕಾರ್ಡಿನಲ್ಲಿ 50,000 ರೂಪಾಯಿಯ ಗಿಫ್ಟ್ ವೌಚರ್ ತಗೊಳ್ತೇನೆ. ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದದ್ದನ್ನು ಟೆಲಿಗ್ರಾಂನಲ್ಲಿ 1% ಕಮ್ಮಿಗೆ ಮಾರುತ್ತೇನೆ. ಆ ದುಡ್ಡಿನಲ್ಲೇ ಬಿಲ್ ಕಟ್ಟುತ್ತೇನೆ, ಖರ್ಚಿಗೆ ಕಾರ್ಡಿನವರು ಕೊಡುವ ರಿವಾರ್ಡ್ ಪಾಯಿಂಟ್ ನನಗೆ ಉಳಿಯುತ್ತದೆ. ಒಂದು ಸಲವೂ ಬಿಲ್ ತಡ ಮಾಡಿಲ್ಲ. ಮೊನ್ನೆ ಬ್ಯಾಂಕಿನಿಂದ ಮೇಲ್ ಬಂತು. ಈ ಖರೀದಿಯೆಲ್ಲ ಸ್ವಂತ ಬಳಕೆಗೇನಾ, ವಿವರ ಕೊಡಿ ಅಂತ. ಪಾಯಿಂಟೂ ತಡೆಹಿಡಿದಿದ್ದಾರೆ. ನನ್ನ ತಪ್ಪೇನು?

ಉತ್ತರ: ಬಿಲ್ ಸರಿಯಾಗಿ ಕಟ್ಟಿದ್ದೀರಿ, ಅದರಲ್ಲಿ ತಕರಾರಿಲ್ಲ. ಬ್ಯಾಂಕ್ ಕೇಳುತ್ತಿರುವುದು ಬೇರೆ ವಿಷಯ.

ನೀವು ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಅಂಗಡಿಯವರು ಸುಮಾರು 2% ಬಿಟ್ಟುಕೊಡುತ್ತಾರೆ. ಅದರ ದೊಡ್ಡ ಪಾಲು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೋಗುತ್ತದೆ. ನಿಮ್ಮ ಪಾಯಿಂಟ್ ಹುಟ್ಟುವುದು ಅಲ್ಲಿಂದ. ನಿಜವಾದ ಖರ್ಚು ಇದ್ದರೆ ಈ ಲೆಕ್ಕ ಸರಿಹೋಗುತ್ತದೆ. ಕಾರ್ಡ್ ಲಿಮಿಟ್ಟನ್ನೇ ದುಡ್ಡು ಮಾಡಿ ತಿರುಗಿಸುತ್ತಾ ಹೋದರೆ ಅದು ಖರ್ಚಲ್ಲ. ಕಾರ್ಡಿನ ಷರತ್ತುಗಳಲ್ಲಿ ಸ್ವಂತ ಬಳಕೆಗೆ ಮಾತ್ರ ಎಂದು ಬರೆದಿರುತ್ತದೆ. ಕೊಂಡು ಮಾರುವುದು ಅದರಲ್ಲಿ ಸೇರುವುದಿಲ್ಲ.

ಪ್ರತಿ ವ್ಯಾಪಾರಕ್ಕೂ ನಾಲ್ಕಂಕಿಯ ಒಂದು ಕೋಡ್ ಇರುತ್ತದೆ. ದಿನಸಿಗೆ 5411, ಹೋಟೆಲ್ ಊಟಕ್ಕೆ 5812, ಬಾಡಿಗೆಗೆ 6513, ಮೊಬೈಲ್ ವಾಲೆಟ್‌ಗೆ ದುಡ್ಡು ತುಂಬಿಸಲು 6540, ನಗದಿಗೆ ಸಮಾನವಾದ ಖರೀದಿಗೆ 6051. ನಾವು ಮೊದಲು ನೋಡುತ್ತಿದ್ದದ್ದು ಈ ಕೋಡ್‌ಗಳ ಹಂಚಿಕೆ. ಸಾಮಾನ್ಯ ಮನೆಯ ಸ್ಟೇಟ್‌ಮೆಂಟ್ ಅಂದರೆ 843 ರೂಪಾಯಿ ಔಷಧಿ, 1,260 ಪೆಟ್ರೋಲ್, 2,317 ದಿನಸಿ, ಹೀಗೆ ಚಿಲ್ಲರೆ ಚಿಲ್ಲರೆ. ನಿಮ್ಮಂಥವರದ್ದು 10,000, 10,000, 10,000. ಐದು ಸಾಲು, ಒಂದೊಂದಕ್ಕೂ ಎರಡೋ ಮೂರೋ ನಿಮಿಷದ ಅಂತರ. ಎರಡು ದಿನದಲ್ಲಿ ಪೂರ್ತಿ ಕಟ್ಟಿ ಲಿಮಿಟ್ ಬಿಡಿಸಿಕೊಂಡು ಮತ್ತೆ ಅದೇ ಐದು ಸಾಲು. ಇದು ಗೊತ್ತಾಗಲು ಮನುಷ್ಯರೇ ಬೇಕಿಲ್ಲ, ಕಂಪ್ಯೂಟರ್ ತಾನೇ ಎತ್ತಿ ತೋರಿಸುತ್ತದೆ.

ಇನ್ನೊಂದು ಮಾತು ಹೊರಗಿನವರಿಗೆ ಹೊಳೆಯುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದೆ ಒದ್ದಾಡುವವನೂ ಕಾರ್ಡನ್ನು ಹೀಗೇ ನಗದು ಮಾಡಿಕೊಳ್ಳುತ್ತಾನೆ. ಲಿಮಿಟ್ ಪೂರ್ತಿ ಎತ್ತಿ ಪರಾರಿಯಾಗುವವನೂ ಹೀಗೇ ಶುರು ಮಾಡುತ್ತಾನೆ. ಪಾಯಿಂಟ್ ಆಸೆಗೆ ಮಾಡುವ ನೀವೂ ಹೀಗೇ. ಪರದೆಯ ಮೇಲೆ ಮೂವರೂ ಒಂದೇ ಥರ ಕಾಣುತ್ತೀರಿ. ಹಾಗಾಗಿ ಬ್ಯಾಂಕ್ ಮೂವರನ್ನೂ ಕೇಳುತ್ತದೆ.

ಆದರೆ ನನಗೆ ನಿಜಕ್ಕೂ ಭಯ ಇರುವುದು ಟೆಲಿಗ್ರಾಂ ಮಾರಾಟದ ಬಗ್ಗೆ. ಗುರುತಿಲ್ಲದವರು ಯುಪಿಐನಲ್ಲಿ ಕಳಿಸುವ ದುಡ್ಡು ಎಲ್ಲಿಂದ ಬಂತು ಅಂತ ನಿಮಗೆ ಗೊತ್ತಾ? ಯಾರೋ ಮೋಸಹೋದವರ ದುಡ್ಡಾಗಿದ್ದರೆ, ಅವರು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟರೆ ಆ ದುಡ್ಡು ಹೋದ ದಾರಿಯಲ್ಲಿರುವ ಖಾತೆಗಳಿಗೆ ತಡೆ ಬೀಳಬಹುದು. ನಿಮ್ಮ ಸಂಬಳದ ಖಾತೆಯೂ ಅದರಲ್ಲಿ ಸೇರಬಹುದು. ಬೇರೆ ರಾಜ್ಯದ ಸೈಬರ್ ಪೊಲೀಸರ ಹತ್ತಿರ ವಿವರಣೆ ಕೊಡುತ್ತಾ ಕೂರಬೇಕಾಗುತ್ತದೆ. 500 ರೂಪಾಯಿ ಪಾಯಿಂಟಿಗೆ ಇದು ಬೇಕಾ?

ಇವತ್ತೇ ಮಾರಾಟ ನಿಲ್ಲಿಸಿ. ಮೇಲ್‌ಗೆ ಹೇಳಿದ ದಿನದೊಳಗೆ ಉತ್ತರ ಕೊಡಿ. ಸ್ವಂತಕ್ಕೆ ಬಳಸಿದ್ದೆಷ್ಟು, ಬೇರೆಯವರಿಗೆ ಕೊಟ್ಟದ್ದೆಷ್ಟು ಅಂತ ಇದ್ದದ್ದು ಇದ್ದ ಹಾಗೆ ಬರೆಯಿರಿ. ಸುಳ್ಳು ಬಿಲ್ ಮಾಡಿಸಲು ಹೋಗಬೇಡಿ. ಪಾಯಿಂಟ್ ಹೋದರೆ ಹೋಗಲಿ, ಸುಳ್ಳು ದಾಖಲೆ ಕೊಟ್ಟರೆ ಅದು ಮೋಸದ ಕೇಸಾಗುತ್ತದೆ.

ಪ್ರಶ್ನೆ (ಠಾಣೆ): ಅಣ್ಣ, ನಮ್ಮದು ಸಣ್ಣ ಹೋಟೆಲ್. ತಿಂಗಳ ಕೊನೆಗೆ ನನ್ನ ಕಾರ್ಡನ್ನು ನಮ್ಮ ಗಲ್ಲಾದ ಮಷಿನ್‌ನಲ್ಲೇ ಉಜ್ಜಿ 80,000 ತೆಗೆಯುತ್ತೇನೆ. ಮರುದಿನ ಕರೆಂಟ್ ಅಕೌಂಟಿಗೆ ಬೀಳುತ್ತದೆ, ಹುಡುಗರ ಸಂಬಳಕ್ಕಾಗುತ್ತದೆ. ಪಾಯಿಂಟೂ ಸಿಗುತ್ತದೆ. ನನ್ನದೇ ಕಾರ್ಡ್, ನನ್ನದೇ ಮಷಿನ್. ಇದರಲ್ಲಿ ಏನು ತೊಂದರೆ?

ಉತ್ತರ: ತಮ್ಮಾ, ಈ ವಾರದ ಪ್ರಶ್ನೆಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಇದೇ. ಇಲ್ಲಿ ನಿಮ್ಮನ್ನು ಎರಡು ಬ್ಯಾಂಕ್ ನೋಡುತ್ತವೆ. ಕಾರ್ಡ್ ಕೊಟ್ಟದ್ದು ಒಂದು, ಮಷಿನ್ ಕೊಟ್ಟದ್ದು ಇನ್ನೊಂದು. ಇಬ್ಬರ ಹತ್ತಿರವೂ ನಿಮ್ಮ ಪ್ಯಾನ್ ಇದೆ. ಇಡ್ಲಿ, ದೋಸೆ, ಥಾಲಿ ಅಂತ 200-300 ರೂಪಾಯಿ ಬಿಲ್ ಓಡುವ ಮಷಿನ್‌ನಲ್ಲಿ, ಶಟರ್ ಎಳೆದ ಮೇಲೆ ರಾತ್ರಿ 11:40ಕ್ಕೆ ಎರಡು ಸಲ 40,000 ಬಿದ್ದರೆ ಯಾರ ಕಣ್ಣಿಗೂ ಬೀಳುತ್ತದೆ.

ವ್ಯಾಪಾರ ಇಲ್ಲದೆ ಮಷಿನ್ ಉಜ್ಜಬಾರದು, ಕಾರ್ಡಿಗೆ ಪ್ರತಿಯಾಗಿ ನಗದು ಕೊಡಬಾರದು ಅಂತ ಮಷಿನ್ ಕರಾರಿನಲ್ಲೇ ಇರುತ್ತದೆ. ಮುರಿದರೆ ದುಡ್ಡು ತಡೆಹಿಡಿಯಬಹುದು, ಮಷಿನ್ ವಾಪಸ್ ತಗೊಳ್ಳಬಹುದು. ಒಂದು ಕಡೆ ಹೀಗೆ ಹೋದರೆ ಇನ್ನೊಂದು ಬ್ಯಾಂಕಿನಲ್ಲಿ ಸಿಗುವುದೂ ಕಷ್ಟ. ಗಿರಾಕಿ ಜೇಬಿನಲ್ಲಿ ನೋಟೇ ಇಟ್ಟುಕೊಳ್ಳದ ಊರಿನಲ್ಲಿ ಮಷಿನ್ ಇಲ್ಲದ ಹೋಟೆಲ್ ನಡೆಸುತ್ತೀರಾ?

ತೆರಿಗೆ ಲೆಕ್ಕ ಇನ್ನೂ ಬಿಗಿ. ಮಷಿನ್‌ನಲ್ಲಿ ಬಂದದ್ದನ್ನು ಇಲಾಖೆ ವ್ಯಾಪಾರ ಅಂತಲೇ ನೋಡುತ್ತದೆ. ತಿಂಗಳಿಗೆ 80,000 ಅಂದರೆ ವರ್ಷಕ್ಕೆ 9,60,000. ಹೋಟೆಲ್ ಜಿಎಸ್‌ಟಿ 5% ಲೆಕ್ಕದಲ್ಲಿ, ನಡೆಯದ ವ್ಯಾಪಾರಕ್ಕೆ ಹೆಚ್ಚುಕಮ್ಮಿ 48,000 ತೆರಿಗೆ. ಅದು ವ್ಯಾಪಾರವೇ ಅಲ್ಲ ಅಂತ ಅಲ್ಲಿ ಹೇಳಿದರೆ, ಬ್ಯಾಂಕಿನ ಕರಾರು ಮುರಿದದ್ದನ್ನು ಒಪ್ಪಿಕೊಂಡ ಹಾಗೆ.

ಲಾಭವಾದರೂ ಇದೆಯಾ ನೋಡಿ. ಮಷಿನ್ ಶುಲ್ಕ 2% ಅಂದರೆ 1,600, ಅದರ ಮೇಲೆ 18% ಜಿಎಸ್‌ಟಿ 288. ಅದೇ 80,000ಕ್ಕೆ ಕರೆಂಟ್ ಅಕೌಂಟಿನಲ್ಲಿ ಓವರ್‌ಡ್ರಾಫ್ಟ್, ಅಂದರೆ ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯುವ ಸಾಲ, ತಗೊಂಡು ವರ್ಷಕ್ಕೆ 12% ಬಡ್ಡಿ ಅಂದುಕೊಂಡರೂ 20 ದಿನಕ್ಕೆ ಸುಮಾರು 526 ರೂಪಾಯಿ. ಮಷಿನ್‌ನಲ್ಲಿ ನಿಜವಾದ ವ್ಯಾಪಾರ ಓಡುತ್ತಿದೆಯಲ್ಲ, ಅದನ್ನೇ ತೋರಿಸಿ ಬ್ರಾಂಚಿನಲ್ಲಿ ಓವರ್‌ಡ್ರಾಫ್ಟ್ ಕೇಳಿ. ಮುದ್ರಾ ಸಾಲವೂ ಇದೆ. ಪಾಯಿಂಟ್ ಅನ್ನುವುದು ಇಲ್ಲಿ ನೆಪ. ನಿಮಗೆ ಬೇಕಾಗಿರುವುದು ತಿಂಗಳ ಕೊನೆಯ ಕೈಸಾಲ, ಅದಕ್ಕೆ ಸರಿಯಾದ ದಾರಿ ಇದೆ.

ಪ್ರಶ್ನೆ (ಡೊಂಬಿವಿಲಿ): ಮಗ ಮನೆ ಬಾಡಿಗೆ ಅಂತ ಹೇಳಿ ಆ್ಯಪ್‌ನಲ್ಲಿ ಕಾರ್ಡಿನಿಂದ ನನ್ನ ಖಾತೆಗೆ ಕಳಿಸುತ್ತಿದ್ದ. ಈಗ ಆಗುತ್ತಿಲ್ಲ. ಬೇರೆ ದಾರಿ ಹೇಳಿ ಸರ್.

ಉತ್ತರ: ಬೇಡಮ್ಮಾ. 2025ರ ಸೆಪ್ಟೆಂಬರ್‌ನಲ್ಲಿ ಆರ್‌ಬಿಐ ಪೇಮೆಂಟ್ ಅಗ್ರಿಗೇಟರ್ (ಗಿರಾಕಿಯ ದುಡ್ಡು ಪಡೆದು ವ್ಯಾಪಾರಿಗೆ ತಲುಪಿಸುವ ಕಂಪನಿ) ನಿಯಮ ಬಿಗಿ ಮಾಡಿದ ಮೇಲೆ ದೊಡ್ಡ ಆ್ಯಪ್‌ಗಳು ಇದನ್ನು ನಿಲ್ಲಿಸಿದವು. ಅದಕ್ಕೂ ಮೊದಲೇ, 2022ರಿಂದಲೇ, ಬ್ಯಾಂಕುಗಳು ಬಾಡಿಗೆಗೆ ಶುಲ್ಕ ಹಾಕಲು ಶುರು ಮಾಡಿದ್ದವು. ವಾಲೆಟ್ ದಾರಿಯೂ ದುಬಾರಿ ಆಗುತ್ತಿದೆ. ಎಚ್‌ಡಿಎಫ್‌ಸಿ ಬ್ಯಾಂಕ್ 2025ರ ಜುಲೈ 1ರಿಂದ ತಿಂಗಳಿಗೆ 10,000 ದಾಟಿದ ವಾಲೆಟ್ ಲೋಡಿಗೆ 1% ಶುಲ್ಕ ಇಟ್ಟಿತು. ಮಗ ಸಂಬಳದ ಖಾತೆಯಿಂದಲೇ ಕಳಿಸಲಿ.

ಪ್ರಶ್ನೆ (ಬೋರಿವಲಿ): ಆಫೀಸಿನವರ ವಿಮಾನದ ಟಿಕೆಟ್, ಫೋನ್ ಎಲ್ಲ ನನ್ನ ಕಾರ್ಡಿನಲ್ಲಿ ತೆಗೆಸಿ, ಅವರಿಂದ ಯುಪಿಐನಲ್ಲಿ ದುಡ್ಡು ತಗೊಳ್ತೇನೆ. ವರ್ಷದ ಬಿಲ್ 14 ಲಕ್ಷ, ನನ್ನ ಸಂಬಳ 9 ಲಕ್ಷ. ಇನ್‌ಕಮ್ ಟ್ಯಾಕ್ಸ್‌ನವರು ಕೇಳುತ್ತಾರಾ?

ಉತ್ತರ: ಕೇಳುವ ಸಾಧ್ಯತೆ ಇದೆ. ಒಂದು ಹಣಕಾಸು ವರ್ಷದಲ್ಲಿ ಕಾರ್ಡ್ ಬಿಲ್ 10 ಲಕ್ಷ ಮುಟ್ಟಿದರೆ, ನಗದಿನಲ್ಲಾದರೆ 1 ಲಕ್ಷಕ್ಕೇ, ಬ್ಯಾಂಕ್ ಇಲಾಖೆಗೆ ವರದಿ ಕೊಡಲೇಬೇಕು. ಅದು ನಿಮ್ಮ ಎಐಎಸ್‌ನಲ್ಲಿ, ಅಂದರೆ ತೆರಿಗೆ ಇಲಾಖೆಯ ವೆಬ್‌ಸೈಟಿನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ, ಕಾಣುತ್ತದೆ, ಈಗಲೇ ತೆಗೆದು ನೋಡಿ. ನಿಜವಾದ ಖರೀದಿ ಆಗಿರುವುದರಿಂದ ಹೆದರಬೇಕಿಲ್ಲ. ಆದರೆ ಯಾರ ಟಿಕೆಟ್, ಎಷ್ಟು, ಯಾವತ್ತು ವಾಪಸ್ ಬಂತು ಅನ್ನುವುದನ್ನು ಬರೆದಿಡಿ. ವಿವರಣೆ ಕೊಡಲಾಗದ ಖರ್ಚಿಗೆ ಹಾಕುವ ತೆರಿಗೆ ಬಹಳ ಭಾರಿ. ವರ್ಷಕ್ಕೊಂದೆರಡು ಸಲ ಸ್ನೇಹಿತರಿಗೆ ಸಹಾಯ ಮಾಡುವುದು ಬೇರೆ. ಇಡೀ ಆಫೀಸಿಗೆ ಮಾಡಿದರೆ ಕಾರ್ಡ್ ಬ್ಯಾಂಕ್ ಕೂಡ ಅದನ್ನು ವ್ಯಾಪಾರ ಅಂತಲೇ ಎಣಿಸುತ್ತದೆ. ಹೋಮ್ ಲೋನ್ ಯೋಚನೆ ಇದ್ದರೆ ಮೊದಲೇ ಕಮ್ಮಿ ಮಾಡಿ. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆ ಕ್ರೆಡಿಟ್ ಬ್ಯೂರೋಗೆ (ಎಲ್ಲರ ಸಾಲದ ದಾಖಲೆ ಇಡುವ ಸಂಸ್ಥೆಗೆ) ಮಾಹಿತಿ ಕಳಿಸುತ್ತವೆ. ತುಂಬಿ ತುಳುಕುವ ಲಿಮಿಟ್ ಅಲ್ಲಿ ಬೇಗ ಕಾಣುತ್ತದೆ.

ಮರುಪ್ರಶ್ನೆ (ಮುಲುಂಡ್): ಸರ್, ಉತ್ತರ ಕೊಟ್ಟರೂ ಕಾರ್ಡ್ ಮುಚ್ಚಿದರೆ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದಾ?

ಉತ್ತರ: ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ಆಗದಿದ್ದರೆ ಬ್ಯಾಂಕುಗಳ ಮೇಲಿನ ದೂರು ಕೇಳುವ ಆರ್‌ಬಿಐ ಓಂಬುಡ್ಸ್‌ಮನ್‌ಗೆ ಹೋಗಬಹುದು. ಸಹಾಯವಾಣಿ 14448. ಆದರೆ ಯಾರಿಗೆ ಕಾರ್ಡ್ ಕೊಡಬೇಕು, ಯಾರದ್ದು ಮುಚ್ಚಬೇಕು ಅನ್ನುವುದು ಬ್ಯಾಂಕಿನ ವ್ಯಾಪಾರದ ತೀರ್ಮಾನ, ಓಂಬುಡ್ಸ್‌ಮನ್ ಅದರಲ್ಲಿ ಕೈ ಹಾಕುವುದಿಲ್ಲ. ತಪ್ಪಾಗಿ ಹಾಕಿದ ಶುಲ್ಕ, ನಿಜವಾದ ಖರೀದಿಯ ಪಾಯಿಂಟ್ ಕಳೆದದ್ದು, ಬ್ಯೂರೋದಲ್ಲಿ ತಪ್ಪು ದಾಖಲಾತಿ, ಇಂಥವಕ್ಕೆ ಹೋಗಿ. ದಿನಸಿ, ಔಷಧಿ ಖರ್ಚಿನ ಪಾಯಿಂಟ್ ಬೇರೆ ಮಾಡಿ ಕೇಳಿದರೆ ಕೆಲವು ಸಲ ವಾಪಸ್ ಕೊಡುತ್ತಾರೆ. ಸ್ಟೇಟ್‌ಮೆಂಟ್‌ಗಳನ್ನು ಈಗಲೇ ಡೌನ್‌ಲೋಡ್ ಮಾಡಿಡಿ, ಕಾರ್ಡ್ ಮುಚ್ಚಿದ ಮೇಲೆ ಆ್ಯಪ್ ತೆರೆಯದೇ ಇರಬಹುದು.